ಕೆಳಗಿನ ತುರಿಕೆ, ಸೋರುವ ಮೂತ್ರ: ಎರಡನ್ನೂ ಒಟ್ಟಿಗೆ ನೋಡ್ಕೊಳ್ಳುದು ಹೇಗೆ

ತುರಿಕೆಗೆ ಅಂತ ಮೆಡಿಕಲ್‌ನಿಂದ ಒಂದು ಟ್ಯೂಬ್, ಕೆಮ್ಮಿದಾಗ ಸೋರುವ ಮೂತ್ರಕ್ಕೆ ಅಂತ ಒಂದು ಪ್ಯಾಡ್, ಹೀಗೆ ಎರಡನ್ನೂ ಬೇರೆ ಬೇರೆ ಇಟ್ಟು ವರ್ಷಗಟ್ಲೆ ಸುಧಾರಿಸ್ಕೊಂಡು ಹೋಗುವ ಹೆಂಗಸರು ನಮ್ಮ ಮಂಗಳೂರು ಉಡುಪಿ ಕಡೆ ಎಷ್ಟೋ ಜನ ಇದ್ದಾರೆ. ಚರ್ಮದ ಡಾಕ್ಟ್ರ ಹತ್ರ ಮೂತ್ರದ ವಿಷ್ಯ ಹೇಳುದಿಲ್ಲ, ಲೇಡಿ ಡಾಕ್ಟ್ರ ಹತ್ರ ತುರಿಕೆ ವಿಷ್ಯ ಹೇಳುದಿಲ್ಲ, ಮನೆಯಲ್ಲಂತೂ ಎರಡೂ ಹೇಳುದಿಲ್ಲ. ಆದ್ರೆ ಇವೆರಡಕ್ಕೂ ಸಂಬಂಧ ಉಂಟು, ಒಂದಕ್ಕೆ ಮಾತ್ರ ಮದ್ದು ಮಾಡಿದ್ರೆ ಎರಡೂ ಹತೋಟಿಗೆ ಬರುದಿಲ್ಲ. ನನಗೆ ಎರಡೂ ಉಂಟು, ಹಾಗಾಗಿ ಗೊತ್ತಿದ್ದಷ್ಟನ್ನು ಬಿಡಿಸಿ ಬರೀತೇನೆ, ನಿಮಗೋ ನಿಮ್ಮ ಅಮ್ಮನಿಗೋ ಅತ್ತೆಗೋ ಉಪಯೋಗ ಆಗ್ಲಿ.

ನಾನು ಹೇಳುವ ಚರ್ಮದ ಕಾಯಿಲೆಯ ಹೆಸರು ಲೈಕೆನ್ ಸ್ಕ್ಲೆರೋಸಸ್, ಯೋನಿಯ ಸುತ್ತಲಿನ ಚರ್ಮ ಬೆಳ್ಳಗೆ ತೆಳ್ಳಗೆ ಆಗಿ ತುರಿಸುವ ಕಾಯಿಲೆ. ಜಾಸ್ತಿ ಬರುದು ಮುಟ್ಟು ನಿಂತ ಮೇಲೆ, ಆದ್ರೆ ಪ್ರಾಯದವರಿಗೂ ಬರ್ತದೆ, ಮೈನೆರೆಯದ ಸಣ್ಣ ಹುಡುಗಿಯರಿಗೂ ಬರ್ತದೆ. ಇದು ಅಂಟುಕಾಯಿಲೆ ಅಲ್ಲ, ಗಂಡನಿಂದ ಬಂದದ್ದಲ್ಲ, ಗಂಡನಿಗೆ ಹೋಗುದೂ ಇಲ್ಲ, ಸ್ವಚ್ಛ ಇಲ್ಲದ್ದರಿಂದ ಬಂದದ್ದೂ ಅಲ್ಲ. ನಮ್ಮ ದೇಹದ ರೋಗನಿರೋಧಕ ಶಕ್ತಿಯೇ ಚರ್ಮದ ಮೇಲೆ ತಿರುಗಿ ಬೀಳುವ ಜಾತಿಯ ಕಾಯಿಲೆ ಅಂತ ಡಾಕ್ಟ್ರುಗಳು ಹೇಳ್ತಾರೆ, ಹಾಗಾಗಿ ಥೈರಾಯ್ಡ್ ತೊಂದರೆ ಇರುವವರಲ್ಲಿ, ತೊನ್ನು ಇರುವವರಲ್ಲಿ ಇದು ಸ್ವಲ್ಪ ಜಾಸ್ತಿ ಕಾಣ್ತದೆ.

ಸಂಬಂಧ ಎಂತದ್ದು ಅಂದ್ರೆ, ಮೂತ್ರ ಚರ್ಮದ ಮೇಲೆ ನಿಂತ್ರೆ ಉರಿ ಎಬ್ಬಿಸ್ತದೆ, ಅದು ಯಾರಿಗಾದ್ರೂ ಆಗ್ತದೆ. ಈ ಕಾಯಿಲೆಗೆ ಮಾತ್ರ ಇನ್ನೊಂದು ಗುಣ ಉಂಟು, ಎಲ್ಲಿ ಚರ್ಮಕ್ಕೆ ತಿಕ್ಕಾಟ, ಗಾಯ, ಒದ್ದೆ, ಉರಿ ಆಗ್ತದೋ ಅಲ್ಲೇ ಅದು ಕೆರಳುದು. ಒದ್ದೆ ಪ್ಯಾಡ್ ಗಂಟೆಗಟ್ಲೆ ಒತ್ತಿಕೊಂಡಿದ್ರೆ ಎರಡೂ ಸೇರಿದ ಹಾಗೆ ಆಯ್ತು. ಈ ಕಡೆಯಿಂದ ನೋಡಿದ್ರೆ, ಕಾಯಿಲೆ ಮುಂದುವರಿದಾಗ ಯೋನಿಯ ಒಳಗಿನ ತುಟಿಗಳು, ಅಂದ್ರೆ ಎರಡೂ ಬದಿಯ ಚರ್ಮದ ಮಡಿಕೆಗಳು, ಸಪುರ ಆಗಿ ಅಕ್ಕಪಕ್ಕಕ್ಕೆ ಅಂಟಿಕೊಳ್ತವೆ, ಯೋನಿಯ ಬಾಯಿ ಕಿರಿದಾಗ್ತದೆ, ಆಗ ಮೂತ್ರ ನೇರ ಬೀಳದೆ ಆಚೆ ಈಚೆ ಚೆಲ್ಲುತ್ತದೆ, ಸ್ವಲ್ಪ ಆ ಮಡಿಕೆ ಹಿಂದೆ ನಿಂತು, ನೀವು ಎದ್ದು ನಾಲ್ಕು ಹೆಜ್ಜೆ ನಡೆದ ಮೇಲೆ ತೊಟ್ಟಿಕ್ಕುತ್ತದೆ. ಇದು ಮೂತ್ರಚೀಲದ ದೋಷವೇ ಅಲ್ಲ, ಆದ್ರೆ ನಮಗೆ ಸೋರಿದ ಹಾಗೇ ಕಾಣುದು. ಉರಿ ಆಗ್ತದೆ ಅಂತ ತಡೆ ಹಿಡಿಯುದು, ನೀರು ಕುಡಿಯುದನ್ನೇ ಕಮ್ಮಿ ಮಾಡುದು ಮತ್ತೊಂದು ಕಡೆ, ಅದರಿಂದ ಮೂತ್ರ ದಪ್ಪ ಆಗಿ ಇನ್ನೂ ಉರಿ, ಮಲಬದ್ಧತೆ, ಮುಕ್ಕಿ ಮುಕ್ಕಿ ಕೆಳಗಿನ ಸ್ನಾಯು ಸಡಿಲ. ಈ ಕಾಯಿಲೆ ಇರುವ ಹೆಂಗಸರಲ್ಲಿ ಮೂತ್ರ ಸೋರುದು ಹೆಚ್ಚು ಕಾಣ್ತದೆ ಅಂತ ಅಧ್ಯಯನಗಳೂ ಹೇಳಿವೆ.

ಮೊದ್ಲು ಕನ್ನಡಿ ಹಿಡಿದು ನೋಡಿ

ನಾಚಿಕೆ ಎಂತದ್ದು, ನಿಮ್ಮದೇ ದೇಹ. ಬಾಗಿಲು ಹಾಕಿ, ಬೆಳಕು ಇರುವಲ್ಲಿ, ಸಣ್ಣ ಕೈ ಕನ್ನಡಿ ಹಿಡಿದು ನೋಡಿ. ಚರ್ಮ ಬೆಳ್ಳಗೆ, ಈರುಳ್ಳಿ ಸಿಪ್ಪೆ ಹಾಗೆ ತೆಳ್ಳಗೆ ಸುಕ್ಕು ಸುಕ್ಕಾಗಿ ಉಂಟಾ, ಅದು ಯೋನಿಯ ಸುತ್ತ ಇದ್ದು ಹಿಂದೆ ಮಲದ್ವಾರದ ಸುತ್ತಲೂ ಹೋಗಿ ಇಂಗ್ಲಿಷಿನ 8ರ ಆಕಾರದಲ್ಲಿ ಕಾಣ್ತದಾ, ಸಣ್ಣ ಬಿರುಕು ಉಂಟಾ, ತುರಿಸಿ ರಕ್ತ ಹೆಪ್ಪುಗಟ್ಟಿದ ಕೆಂಪು ನೇರಳೆ ಚುಕ್ಕೆ ಉಂಟಾ, ಒಳತುಟಿ ಮೊದಲಿದ್ದ ಹಾಗೆ ಉಂಟಾ ಇಲ್ಲ ಮಾಯ ಆಗ್ತಾ ಬಂದಿದೆಯಾ. ತುರಿಕೆ ರಾತ್ರಿ ಜಾಸ್ತಿ, ನಿದ್ರೆಯಲ್ಲೇ ಕೆರೆದುಕೊಳ್ಳುವಷ್ಟು. ತೊನ್ನಿನಲ್ಲಿ ಬಣ್ಣ ಮಾತ್ರ ಹೋಗ್ತದೆ, ಚರ್ಮ ಮುಟ್ಟಿದ್ರೆ ಮಾಮೂಲಿ ಇರ್ತದೆ, ಇದರಲ್ಲಿ ಚರ್ಮದ ಗುಣವೇ ಬದಲಾಗಿರ್ತದೆ. ಫಂಗಸ್ ಆದ್ರೆ ಸಾಮಾನ್ಯವಾಗಿ ಕೆಂಪಗಾಗಿ ಮೊಸರಿನಂತ ಬಿಳಿ ಹೋಗ್ತದೆ. ಕೆಲವರಿಗೆ ಎರಡೂ ಒಟ್ಟಿಗೆ ಇರುದುಂಟು, ಹಾಗಾಗಿ ನೀವೇ ತೀರ್ಮಾನ ಮಾಡ್ಬೇಡಿ, ನೋಡಿದ್ದನ್ನು ಡಾಕ್ಟ್ರಿಗೆ ಹೇಳ್ಲಿಕ್ಕೆ ಅಂತ ನೋಡಿ.

ಪ್ರತೀ ಸಲ ಉರಿ ಆದಾಗ ಯೂರಿನ್ ಇನ್ಫೆಕ್ಷನ್ ಅಂತ ಆಂಟಿಬಯೋಟಿಕ್ ನುಂಗುದು ಒಂದು ದೊಡ್ಡ ಸಮಸ್ಯೆ. ಬಿರುಕು ಬಿಟ್ಟ ಚರ್ಮಕ್ಕೆ ಮೂತ್ರ ತಾಗಿದ್ರೂ ಉರಿಯೇ. ಒಳಗೆ ಮೂತ್ರನಾಳದಲ್ಲಿ ಉರಿಯಾ, ಹೊರಗೆ ಚರ್ಮಕ್ಕೆ ತಾಗುವಾಗ ಉರಿಯಾ, ಸ್ವಲ್ಪ ಗಮನಿಸಿ ನೋಡಿ, ಮತ್ತೆ ಮಾತ್ರೆಗೆ ಮೊದ್ಲು ಯೂರಿನ್ ಕಲ್ಚರ್, ಅಂದ್ರೆ ಮೂತ್ರದಲ್ಲಿ ರೋಗಾಣು ಉಂಟಾ ಅಂತ ನೋಡುವ ಟೆಸ್ಟ್, ಮಾಡ್ಸಿ ಅಂತ ಕೇಳಿ.

ಡಾಕ್ಟ್ರ ಹತ್ರ ಹೇಗೆ ಹೇಳುದು

ಚರ್ಮರೋಗ ವಿಭಾಗಕ್ಕೆ ಹೋದ್ರೂ ಆಗ್ತದೆ, ಹೆಂಗಸರ ವಿಭಾಗಕ್ಕೆ ಹೋದ್ರೂ ಆಗ್ತದೆ, ಆದ್ರೆ ಎರಡೂ ವಿಷ್ಯ ಒಂದೇ ಉಸಿರಲ್ಲಿ ಹೇಳಿ. ಮಂಗಳೂರಲ್ಲಿ ಲೇಡಿಗೋಷನ್, ವೆನ್ಲಾಕ್ ಸರ್ಕಾರಿ ಆಸ್ಪತ್ರೆಗಳು, ಮಣಿಪಾಲದಲ್ಲಿ ಕಸ್ತೂರ್ಬಾ, ಹೀಗೆ ದೊಡ್ಡ ಆಸ್ಪತ್ರೆಗಳಿಗೆ ನಮ್ಮಲ್ಲಿ ಬರಗಾಲ ಇಲ್ಲ, ಬಸ್ಸು ಹತ್ತಿದ್ರೆ ಆಯ್ತು, ಕಷ್ಟ ಇರುದು ಬಾಯಿ ಬಿಡುದರಲ್ಲಿ. ಹೀಗೆ ಹೇಳಿ: "ಡಾಕ್ಟ್ರೇ, ಕೆಳಗೆ ತುಂಬಾ ಸಮಯದಿಂದ ತುರಿಕೆ ಉಂಟು, ಚರ್ಮ ಬೆಳ್ಳಗಾಗಿದೆ, ಅದರೊಟ್ಟಿಗೆ ಮೂತ್ರವೂ ಸೋರ್ತದೆ, ಒಮ್ಮೆ ಪರೀಕ್ಷೆ ಮಾಡಿ ನೋಡಿ." ಕನ್ನಡದಲ್ಲಿ ಹೇಳ್ಲಿಕ್ಕೆ ಮುಜುಗರ ಆದ್ರೆ ತುಳುವಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಹೇಳಿ, ನರ್ಸ್‌ಗಳಲ್ಲಿ ಗೊತ್ತಿರುವವರು ಯಾರಾದ್ರೂ ಇರ್ತಾರೆ. ಲೇಡಿ ಡಾಕ್ಟ್ರು ಬೇಕು ಅಂತ ಕೇಳುದು, ಪರೀಕ್ಷೆ ಮಾಡುವಾಗ ಹತ್ರ ಒಬ್ಬ ನರ್ಸ್ ಇರ್ಲಿ ಅಂತ ಕೇಳುದು ನಿಮ್ಮ ಹಕ್ಕು. ಬಟ್ಟೆ ತೆಗೆಸಿ ನೋಡದೆ, ಕೇಳಿದ್ದಕ್ಕೇ ಒಂದು ಕ್ರೀಮ್ ಬರೆದು ಕೊಟ್ರೆ, ನೋಡಿ ಹೇಳಿ ಅಂತ ಮತ್ತೊಮ್ಮೆ ಕೇಳಿ.

ಹೆಚ್ಚಾಗಿ ನೋಡಿದ್ರೇ ಗೊತ್ತಾಗ್ತದೆ. ಸಂಶಯ ಇದ್ರೆ, ಮದ್ದಿಗೆ ಬಗ್ಗದಿದ್ರೆ, ದಪ್ಪ ಆದ ಜಾಗವೋ ಹುಣ್ಣೋ ಇದ್ರೆ, ಚರ್ಮದ ಸಣ್ಣ ತುಂಡು ತೆಗೆದು ಬಯಾಪ್ಸಿಗೆ ಕಳಿಸ್ತಾರೆ, ಆ ಜಾಗ ಮರಗಟ್ಟಿಸಿಯೇ ಮಾಡುದು, ಹೆದರ್ಬೇಡಿ. ಇದರೊಟ್ಟಿಗೆ ಶುಗರ್, ಥೈರಾಯ್ಡ್, ಯೂರಿನ್ ಟೆಸ್ಟ್, ಬೇಕಾದ್ರೆ ಮೂತ್ರ ಹೋದ ಮೇಲೆ ಒಳಗೆ ಎಷ್ಟು ಉಳಿದಿದೆ ಅಂತ ಒಂದು ಸ್ಕ್ಯಾನ್.

ಹೋಗುವ ಮೊದ್ಲು ಮನೆಯಲ್ಲಿ 3 ದಿನ ಒಂದು ಪುಸ್ತಕದಲ್ಲಿ ಬರ್ದಿಡಿ, ಎಷ್ಟು ಗಂಟೆಗೆ ಎಂತ ಕುಡಿದ್ರಿ, ಎಷ್ಟು ಗಂಟೆಗೆ ಹೋದ್ರಿ, ಯಾವಾಗ ಸೋರಿತು, ಆಗ ಎಂತ ಮಾಡ್ತಾ ಇದ್ರಿ. ಕೆಮ್ಮು, ಸೀನು, ನಗು, ಕೊಡ ಎತ್ತುವಾಗ ಸೋರುದು ಒಂದು ಜಾತಿ, ಅವಸರ ಬಂದು ಬಾತ್‌ರೂಮ್ ಮುಟ್ಟುವ ಮೊದ್ಲೇ ಹೋಗುದು ಇನ್ನೊಂದು, ಹೋಗಿ ಎದ್ದ ಮೇಲೆ ತೊಟ್ಟಿಕ್ಕುದು ನಾನು ಮೇಲೆ ಹೇಳಿದ್ದು. ಮೂರಕ್ಕೂ ಚಿಕಿತ್ಸೆ ಬೇರೆ, ಈ ಪುಸ್ತಕ ನೋಡಿದ್ರೆ ಡಾಕ್ಟ್ರಿಗೆ ಅರ್ಧ ಕೆಲಸ ಮುಗಿದ ಹಾಗೆ.

ಮುಲಾಮು ಹಚ್ಚುವ ಕ್ರಮ

ಇದಕ್ಕೆ ಮೊದಲ ಮದ್ದು ಕ್ಲೋಬೆಟಸೋಲ್ ಪ್ರೊಪಿಯೊನೇಟ್ 0.05% ಅನ್ನುವ ಜೋರು ಸ್ಟೀರಾಯ್ಡ್ ಮುಲಾಮು. ಆಯಿಂಟ್‌ಮೆಂಟ್ ಆದ್ರೆ ಒಳ್ಳೇದು, ಕ್ರೀಮ್ ಕೆಲವರಿಗೆ ಉರಿ ಮಾಡ್ತದೆ. ಸಾಮಾನ್ಯವಾಗಿ ಕೊಡುವ ಕ್ರಮ ಹೀಗೆ, ಮೊದಲ 4 ವಾರ ದಿನಕ್ಕೊಮ್ಮೆ ರಾತ್ರಿ, ಮತ್ತೆ 4 ವಾರ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ, ಮತ್ತೆ 4 ವಾರ ವಾರಕ್ಕೆರಡು ಸಲ. ನಿಮ್ಮ ಡಾಕ್ಟ್ರು ಸ್ವಲ್ಪ ಬೇರೆ ಹೇಳಿದ್ರೆ ಅವರು ಹೇಳಿದ ಹಾಗೇ ಮಾಡಿ. ಸ್ನಾನ ಆಗಿ ಮೆತ್ತಗೆ ಒತ್ತಿ ಒರಸಿ, ಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ್ರೆ ಸುಮಾರು ಅರ್ಧ ಗ್ರಾಮ್ ಆಗ್ತದೆ, ಹೆಚ್ಚಿನವರಿಗೆ ಅದರ ಅರ್ಧ ಸಾಕು, ಬೆಳ್ಳಗಾದ ಜಾಗಕ್ಕೆ ಕನ್ನಡಿ ನೋಡಿ ತೆಳ್ಳಗೆ ಹಚ್ಚಿ, ಕೈ ತೊಳೀರಿ. 30 ಗ್ರಾಮಿನ ಒಂದು ಟ್ಯೂಬ್ ಮೂರು ತಿಂಗಳಿಗೆ ಧಾರಾಳ ಬರ್ಬೇಕು, ತಿಂಗಳಲ್ಲಿ ಖಾಲಿ ಆಗ್ತಾ ಉಂಟು ಅಂದ್ರೆ ಜಾಸ್ತಿ ಹಚ್ತಾ ಇದ್ದೀರಿ ಅಂತ ಲೆಕ್ಕ.

ಡಬ್ಬದ ಒಳಗಿನ ಚೀಟಿಯಲ್ಲಿ ಗುಪ್ತಾಂಗಕ್ಕೆ ಹಚ್ಚಬಾರದು ಅಂತ ಇರ್ತದೆ, ಅದನ್ನು ಓದಿ ಎಷ್ಟೋ ಜನ ಹೆದರಿ ಬಿಟ್ಟುಬಿಡ್ತಾರೆ. ಆ ಮಾತು ಕಾಯಿಲೆ ಗೊತ್ತಿಲ್ಲದೆ ಸುಮ್ನೆ ಹಚ್ಚುವವರಿಗೆ. ಈ ಕಾಯಿಲೆ ಅಂತ ಡಾಕ್ಟ್ರು ನೋಡಿ ಹೇಳಿದ ಮೇಲೆ ಈ ಜಾಗಕ್ಕೆ ಇದೇ ಸರಿಯಾದ ಮದ್ದು. ಹಾಗಂತ ಮೆಡಿಕಲ್‌ನಲ್ಲಿ ತುರಿಕೆಗೆ ಕೊಡಿ ಅಂದ್ರೆ ಸಿಗುವ ಸ್ಟೀರಾಯ್ಡ್, ಫಂಗಸ್ ಮದ್ದು, ಆಂಟಿಬಯೋಟಿಕ್ ಎಲ್ಲ ಒಂದೇ ಟ್ಯೂಬಲ್ಲಿ ಕಲಸಿದ ಕ್ರೀಮ್ ಇದಕ್ಕೆ ಬೇಡವೇ ಬೇಡ, ಫಂಗಸ್ ಇದ್ರೆ ಅದು ಒಳಗೊಳಗೇ ಹಬ್ತದೆ, ಈ ಕಾಯಿಲೆ ಇದ್ರೆ ಅರ್ಧಂಬರ್ಧ ಕಮ್ಮಿ ಆಗಿ ಗುರ್ತೇ ಸಿಗದ ಹಾಗೆ ಆಗ್ತದೆ.

ಮುಖ್ಯವಾದ ವಿಷ್ಯ, ತುರಿಕೆ ನಿಂತ ಕೂಡ್ಲೇ ಮದ್ದು ನಿಲ್ಲಿಸ್ಬೇಡಿ. ಇದು ಪೂರ್ತಿ ಹೋಗುವ ಕಾಯಿಲೆ ಅಲ್ಲ, ಹತೋಟಿಯಲ್ಲಿ ಇಡುವ ಕಾಯಿಲೆ, ಮೂರು ತಿಂಗಳ ನಂತರವೂ ಹೆಚ್ಚಿನವರಿಗೆ ವಾರಕ್ಕೆ ಒಂದೆರಡು ಸಲ ಹಚ್ಚಿಕೊಂಡೇ ಇರ್ಬೇಕಾಗ್ತದೆ. ಆಸ್ಟ್ರೇಲಿಯಾದಲ್ಲಿ 507 ಹೆಂಗಸರನ್ನು ವರ್ಷಗಟ್ಲೆ ನೋಡಿ 2015ರಲ್ಲಿ ಪ್ರಕಟ ಮಾಡಿದ ಅಧ್ಯಯನದಲ್ಲಿ, ಹೇಳಿದ ಹಾಗೆ ಹಚ್ಚಿದವರಲ್ಲಿ ಒಬ್ಬರಿಗೂ ಆ ಜಾಗದ ಕ್ಯಾನ್ಸರ್ ಬರ್ಲಿಲ್ಲ, ಬಿಟ್ಟು ಬಿಟ್ಟು ಹಚ್ಚಿದವರಲ್ಲಿ 4.7% ಜನರಿಗೆ ಕ್ಯಾನ್ಸರ್ ಅಥವಾ ಅದರ ಮುಂಚಿನ ಹಂತ ಕಂಡಿತು. ಹೆದರಿಸ್ಲಿಕ್ಕೆ ಹೇಳುದಲ್ಲ, ಒಂದು ಟ್ಯೂಬಿಗೆ ಇಷ್ಟು ಶಕ್ತಿ ಉಂಟು ಅಂತ ಗೊತ್ತಾಗ್ಲಿ ಅಂತ ಹೇಳುದು.

ಮುಟ್ಟು ನಿಂತವರಿಗೆ ಒಣಗಿ ಉರಿ, ಪದೇ ಪದೇ ಅವಸರ ಇದ್ರೆ ಈಸ್ಟ್ರೋಜನ್ ಅನ್ನುವ ಹೆಂಗಸರ ಹಾರ್ಮೋನಿನ ಕ್ರೀಮ್ ಕೊಡುದುಂಟು, ಅದು ಯೋನಿಗೂ ಮೂತ್ರದ ಅವಸರಕ್ಕೂ ಸಹಾಯ ಮಾಡ್ತದೆ, ಆದ್ರೆ ಸ್ಟೀರಾಯ್ಡಿನ ಬದ್ಲಿಗೆ ಅಲ್ಲ. ಸ್ತನ ಕ್ಯಾನ್ಸರ್ ಆದವರು ಅದನ್ನು ಮೊದಲೇ ಹೇಳ್ಬೇಕು.

ಚರ್ಮಕ್ಕೆ ಮೂತ್ರ ತಾಗದ ಹಾಗೆ

ಇಲ್ಲೇ ನಮ್ಮ ಕೈಯಲ್ಲಿ ಇರುವ ಕೆಲಸ ಜಾಸ್ತಿ ಇರುದು. ಮೂತ್ರ ಹೋದ ಮೇಲೆ ನೀರು ಹಾಕಿ ತೊಳೆಯುವ ನಮ್ಮ ಅಭ್ಯಾಸ ಒಳ್ಳೇದೇ, ಆದ್ರೆ ತೊಳೆದು ಒದ್ದೆಯಲ್ಲೇ ಚಡ್ಡಿ ಏರಿಸುದು ಒಳ್ಳೇದಲ್ಲ. ಹಳೇ ಮೆತ್ತನೆ ಕಾಟನ್ ಸೀರೆಯನ್ನು ಸಣ್ಣ ಸಣ್ಣ ತುಂಡು ಮಾಡಿ ಬಾತ್‌ರೂಮಲ್ಲಿ ಇಟ್ಕೊಳ್ಳಿ, ಒತ್ತಿ ಒತ್ತಿ ಒರಸಿ, ತಿಕ್ಕಬೇಡಿ, ಒಮ್ಮೆ ಬಳಸಿದ್ದು ಒಗೆಯುವ ಬಕೆಟ್‌ಗೆ. ಒರಸಿದ ಮೇಲೆ ತೆಳ್ಳಗೆ ವ್ಯಾಸಲಿನ್ ಹಚ್ಚಿ, ಪರಿಮಳ ಇಲ್ಲದ ಸಾದಾ ಪೆಟ್ರೋಲಿಯಂ ಜೆಲ್ಲಿ ಯಾವುದಾದ್ರೂ ಆಗ್ತದೆ, ಅದು ಮೂತ್ರಕ್ಕೂ ಚರ್ಮಕ್ಕೂ ನಡುವೆ ತಡೆ. ಬಿರುಕು ಬಿಟ್ಟು ಜೋರು ಉರಿ ಇದ್ರೆ ಹೋಗುವ ಮೊದ್ಲೂ ಹಚ್ಚಿ, ಮತ್ತೆ ಹೋಗ್ತಾ ಇರುವಾಗಲೇ ಮಗ್ಗಲ್ಲಿ ಉಗುರುಬೆಚ್ಚಗಿನ ನೀರು ಹೊಯ್ಯಿರಿ, ಉರಿ ಎಷ್ಟೋ ಕಮ್ಮಿ ಆಗ್ತದೆ. ಸ್ಟೀರಾಯ್ಡ್ ಹಚ್ಚುವ ರಾತ್ರಿ ಅದಕ್ಕೂ ವ್ಯಾಸಲಿನ್‌ಗೂ ಅರ್ಧ ಗಂಟೆ ಅಂತರ ಇರ್ಲಿ.

ಸೋಪು ಆ ಜಾಗಕ್ಕೆ ಬೇಡ. ಡೆಟ್ಟಾಲ್ ನೀರು, ಪರಿಮಳದ ವಾಶ್, ವೆಟ್ ವೈಪ್ಸ್, ಪೌಡರ್, ಅರಿಶಿನ, ಬೇವಿನ ಅರೆಪು, ಲಿಂಬೆ ಯಾವುದೂ ಬೇಡ, ತುರಿಕೆ ತಡೀಲಿಕ್ಕಾಗದೆ ಕುದಿಯುವ ಬಿಸಿನೀರು ಹೊಯ್ಯುದಂತೂ ಬೇಡವೇ ಬೇಡ. ತೆಂಗಿನೆಣ್ಣೆ ಹಚ್ಚಬಹುದಾ ಅಂತ ನಮ್ಮ ಊರಲ್ಲಿ ಎಲ್ರೂ ಕೇಳುದು, ಉರಿ ಆಗದಿದ್ರೆ ಒಣಗದ ಹಾಗೆ ಹಚ್ಚಿ, ಆದ್ರೆ ಅದು ಮದ್ದಲ್ಲ, ಮದ್ದಿನ ಜಾಗಕ್ಕೆ ಅದನ್ನು ಇಡ್ಬೇಡಿ.

ಪ್ಯಾಡ್ ವಿಷ್ಯ. ಮುಟ್ಟಿನ ಪ್ಯಾಡ್ ಮಾಡಿರುದು ರಕ್ತಕ್ಕೆ, ಮೂತ್ರ ಒಮ್ಮೆಲೇ ಬಂದ್ರೆ ಅದು ಬೇಗ ಹೀರುದಿಲ್ಲ, ಮೇಲೆ ಒದ್ದೆ ಉಳೀತದೆ. ಮೂತ್ರಕ್ಕೆ ಅಂತಲೇ ಮಾಡಿದ ಪ್ಯಾಡ್ ಮೆಡಿಕಲ್‌ನಲ್ಲಿ ಕೇಳಿದ್ರೆ ಸಿಗ್ತದೆ, ಸ್ವಲ್ಪ ರೇಟು ಜಾಸ್ತಿ. ಯಾವುದೇ ಆಗ್ಲಿ ಪರಿಮಳ ಇಲ್ಲದ್ದು ತಗೊಳ್ಳಿ, ಒದ್ದೆ ಆದ ಕೂಡ್ಲೇ ಬದ್ಲಿಸಿ, ಉಳಿತಾಯ ಅಂತ ಸಂಜೆವರೆಗೆ ಇಡ್ಬೇಡಿ. ಮನೆಯಲ್ಲಿ ಇರುವಾಗ, ರಾತ್ರಿ ಮಲಗುವಾಗ ಸಾಧ್ಯ ಆದ್ರೆ ಪ್ಯಾಡೂ ಬೇಡ ಚಡ್ಡಿಯೂ ಬೇಡ, ಸಡಿಲ ನೈಟಿ, ಕೆಳಗೆ ಒಂದು ಹೀರುವ ಹಾಸು, ಗಾಳಿ ಆಡ್ಲಿ.

ನಮ್ಮ ಮಳೆಗಾಲದ್ದು ಬೇರೆಯೇ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್ ತನಕ ಒಗೆದ ಬಟ್ಟೆ ಒಣಗುದೇ ಇಲ್ಲ, ಅರೆ ಒದ್ದೆ ಚಡ್ಡಿ ಹಾಕಿಕೊಂಡು ಹೋಗುದು ಎಲ್ರ ಮನೆಯ ಕತೆ. ಈ ಕಾಯಿಲೆ ಇರುವವರು ಕಾಟನ್ ಚಡ್ಡಿ ನಾಲ್ಕು ಜಾಸ್ತಿಯೇ ಇಟ್ಕೊಳ್ಳಿ, ಫ್ಯಾನ್ ಕೆಳಗೆ ಹಾಕಿ, ಇಸ್ತ್ರಿ ಪೆಟ್ಟಿಗೆ ಹಾಕಿ ಪೂರ್ತಿ ಒಣಗಿಸಿಯೇ ಹಾಕಿ. ಬಿಗಿ ಲೆಗಿನ್ಸ್ ಒಳಗೆ ಬೆವರು ಮೂತ್ರ ಎರಡೂ ಸೇರಿ ನಿಲ್ತದೆ, ಸಡಿಲ ಪ್ಯಾಂಟ್ ಅಥವಾ ಕಾಟನ್ ಲಂಗ ಆರಾಮ. ಬೀಡಿ ಕಟ್ಟುವವರು, ಹೊಲಿಗೆ ಮಾಡುವವರು ಕೂತಲ್ಲೇ ಕೂರ್ತಾರಲ್ಲ, ಗಂಟೆಗೊಮ್ಮೆ ಎದ್ದು ನಡೀರಿ, ಒದ್ದೆ ಇದ್ರೆ ಆಗಲೇ ಬದ್ಲಿಸಿ.

ಮಂಗಳೂರು–ಉಡುಪಿ ಬಸ್ಸಲ್ಲಿ ಹೋಗುವಾಗ, ರಾತ್ರಿಯಿಡೀ ಯಕ್ಷಗಾನಕ್ಕೋ ಕೋಲಕ್ಕೋ ಕೂರುವಾಗ ಬೆಳಿಗ್ಗೆಯಿಂದಲೇ ನೀರು ಬಿಡುದು ನಮ್ಮಲ್ಲಿ ಸಾಮಾನ್ಯ. ಅದರ ಬದ್ಲು ದಿನದಲ್ಲಿ ಒಂದೂವರೆ ಎರಡು ಲೀಟರ್ ಆಗುವ ಹಾಗೆ ಸ್ವಲ್ಪ ಸ್ವಲ್ಪ ಕುಡಿದು, ಹೊರಡುವ ಮೊದ್ಲು ಹೋಗಿ ಬನ್ನಿ. ಚೀಲದಲ್ಲಿ ಎರಡು ಪ್ಯಾಡ್, ಒಂದು ಚಡ್ಡಿ, ಒರಸುವ ಬಟ್ಟೆ, ಸಣ್ಣ ವ್ಯಾಸಲಿನ್ ಡಬ್ಬಿ, ಜಿಪ್ ಕವರ್ ಇದ್ರೆ ಯಾವ ಮದುವೆಗೂ ಹೋಗ್ಲಿಕ್ಕೆ ಹೆದರ್ಬೇಕಾಗಿಲ್ಲ.

ಸೋರುದನ್ನೇ ಕಮ್ಮಿ ಮಾಡ್ಲಿಕ್ಕೆ

ಎದ್ದ ಮೇಲೆ ತೊಟ್ಟಿಕ್ಕುವವರು ಹೀಗೆ ಮಾಡಿ: ಕೂರುವಾಗ ಕಾಲು ಅಗಲ ಮಾಡಿ, ಅವಸರ ಮಾಡದೆ ಪೂರ್ತಿ ಹೋಗ್ಲಿ, ಮುಂದಕ್ಕೆ ಬಾಗಿ, ಒಮ್ಮೆ ಎದ್ದು ಮತ್ತೆ ಕೂತು ಹೋಗಿ, ಆಮೇಲೆ ಒತ್ತಿ ಒರಸಿ. ತುಟಿ ಅಂಟಿಕೊಂಡು ದಾರಿಯೇ ಮುಚ್ಚಿದ ಹಾಗೆ ಆಗಿದ್ರೆ ಸಣ್ಣ ಆಪರೇಷನ್ ಮಾಡಿ ಬಿಡಿಸ್ತಾರೆ, ಅದು ಕಾಯಿಲೆ ಹತೋಟಿಗೆ ಬಂದ ಮೇಲೆ ಮಾಡಿದ್ರೆ ಒಳ್ಳೇದು, ಇಲ್ಲದಿದ್ರೆ ಮತ್ತೆ ಅಂಟಿಕೊಳ್ತದೆ.

ಕೆಮ್ಮಿದಾಗ ಸೋರುವವರಿಗೆ ಕೆಳಗಿನ ಸ್ನಾಯುಗಳ ವ್ಯಾಯಾಮ. ಗ್ಯಾಸ್ ಹೋಗದ ಹಾಗೆ, ಮೂತ್ರ ಹೋಗದ ಹಾಗೆ ಒಳಗೆ ಎಳೆದು ಹಿಡಿಯುವ ಸ್ನಾಯು ಉಂಟಲ್ಲ ಅದನ್ನು ಮಾತ್ರ ಬಿಗಿ ಮಾಡಿ, ಉಸಿರು ಕಟ್ಟಬೇಡಿ, ಹೊಟ್ಟೆ ತೊಡೆ ಬಿಗಿ ಮಾಡ್ಬೇಡಿ, ಆದಷ್ಟು ಸೆಕೆಂಡ್ ಹಿಡಿದು ಪೂರ್ತಿ ಸಡಿಲ ಬಿಡಿ. ಒಮ್ಮೆಗೆ 8 ಸಲ, ದಿನಕ್ಕೆ 3 ಹೊತ್ತು, ಕಮ್ಮಿ ಅಂದ್ರೆ 3 ತಿಂಗಳು. ಹದಿನೈದು ದಿನದಲ್ಲಿ ಎಂತದ್ದೂ ಆಗ್ಲಿಲ್ಲ ಅಂತ ಬಿಟ್ರೆ ಆಗುದಿಲ್ಲ. ಕೆಮ್ಮು ಬರ್ತದೆ ಅನ್ನುವಾಗ ಮೊದ್ಲೇ ಒಮ್ಮೆ ಬಿಗಿ ಹಿಡಿದ್ರೆ ಹನಿ ನಿಲ್ತದೆ. ಒಂದು ಎಚ್ಚರ ಮಾತ್ರ, ಈ ಕಾಯಿಲೆಯಲ್ಲಿ ನೋವಿಗೆ ಹೆದರಿ ಹೆದರಿ ಕೆಲವರ ಸ್ನಾಯು ಮೊದಲೇ ಗಟ್ಟಿ ಬಿಗಿದುಕೊಂಡಿರ್ತದೆ, ಅಂಥವರು ಬಿಗಿ ಮಾಡುವ ವ್ಯಾಯಾಮ ಮಾಡಿದ್ರೆ ನೋವು ಇನ್ನೂ ಜಾಸ್ತಿ. ಗಂಡನ ಜೊತೆ ಸೇರುವಾಗ ತುಂಬಾ ನೋವು, ಒಳಗೆ ಪರೀಕ್ಷೆ ಮಾಡ್ಲಿಕ್ಕೇ ಆಗುದಿಲ್ಲ ಅನ್ನುವವರು ಮೊದ್ಲು ಫಿಸಿಯೋಥೆರಪಿ ವಿಭಾಗದಲ್ಲಿ ತೋರ್ಸಿ, ಅವರಿಗೆ ಸಡಿಲ ಬಿಡುದನ್ನು ಕಲಿಸ್ತಾರೆ.

ಅವಸರದವರಿಗೆ, ಬಂತು ಅಂದ ಕೂಡ್ಲೇ ಓಡದೆ ಕೂತಲ್ಲೇ ಎರಡು ಮೂರು ಸಲ ಬಿಗಿ ಮಾಡಿ, ಅಲೆ ಇಳಿದ ಮೇಲೆ ನಿಧಾನ ನಡೀರಿ, ಒಮ್ಮೆ ಹೋದದ್ದಕ್ಕೂ ಮತ್ತೊಮ್ಮೆ ಹೋಗುದಕ್ಕೂ ನಡುವಿನ ಅಂತರವನ್ನು 10–15 ನಿಮಿಷ ಹಾಗೆ ಹೆಚ್ಚಿಸ್ತಾ ಹೋಗಿ, ಕಮ್ಮಿ ಅಂದ್ರೆ 6 ವಾರ. ಚಾ ಕಾಫಿ ಕಮ್ಮಿ ಮಾಡಿ, ನಮ್ಮಲ್ಲಿ ಯಾರು ಬಂದ್ರೂ ಒಂದು ಚಾ ಆಗ್ತದೆ, ಅದೇ ದಿನಕ್ಕೆ ಐದಾರು ದಾಟ್ತದೆ. ಮಲಬದ್ಧತೆ ಆಗದ ಹಾಗೆ ಹರಿವೆ ಬಸಳೆ, ಕುಚ್ಚಲಕ್ಕಿ ಗಂಜಿ, ಹಣ್ಣು ಇರ್ಲಿ. ತೂಕ ಜಾಸ್ತಿ ಇದ್ರೆ ಸ್ವಲ್ಪ ಇಳಿಸಿದ್ರೂ ಸೋರುದು ಕಮ್ಮಿ ಆಗ್ತದೆ.

ಮಾತ್ರೆಗಳ ಡಬ್ಬ ಕೂಡ ತಗೊಂಡು ಹೋಗಿ. ಶುಗರಿಗೆ ಕೊಡುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕ್ತದೆ, ಅದರಿಂದ ಪದೇ ಪದೇ ಮೂತ್ರ, ಫಂಗಸ್ ತುರಿಕೆ ಎರಡೂ ಬರ್ಬಹುದು. ಬಿಪಿಯ ಎನಲಾಪ್ರಿಲ್, ರಾಮಿಪ್ರಿಲ್ ಕೆಲವರಿಗೆ ಒಣಕೆಮ್ಮು ತರ್ತದೆ, ಕೆಮ್ಮಿದ್ರೆ ಸೋರ್ತದೆ. ನೀವೇ ನಿಲ್ಲಿಸ್ಬೇಡಿ, ಬದ್ಲಿಸ್ಲಿಕ್ಕೆ ಆಗ್ತದಾ ಅಂತ ಕೇಳಿ.

ಸಣ್ಣ ಹುಡುಗಿ ಮೂತ್ರಕ್ಕೆ ಹೋಗ್ಲಿಕ್ಕೆ ಅಳ್ತಾಳೆ, ತಡೆ ಹಿಡೀತಾಳೆ, ಮಲಬದ್ಧತೆ ಉಂಟು, ಕೆಳಗೆ ಕೆರೀತಾಳೆ ಅಂದ್ರೆ ಗದರಬೇಡಿ, ಮಕ್ಕಳ ಡಾಕ್ಟ್ರಿಗೆ ತೋರ್ಸಿ.

ಕಾಯದೆ ಹೋಗ್ಬೇಕಾದದ್ದು ಯಾವಾಗ ಅಂದ್ರೆ, ಎರಡು ಮೂರು ವಾರ ಆದ್ರೂ ಗುಣ ಆಗದ ಹುಣ್ಣು, ಗಂಟು, ದಪ್ಪ ಗಟ್ಟಿ ಆದ ಜಾಗ, ರಕ್ತ ಬರುದು, ಮೂತ್ರದಲ್ಲಿ ರಕ್ತ, ಚಳಿ ಜ್ವರ. ಮೂತ್ರವೇ ಹೋಗದೆ ಕಟ್ಟಿದ್ರೆ, ಅಥವಾ ಇದ್ದಕ್ಕಿದ್ದ ಹಾಗೆ ಸೋರ್ಲಿಕ್ಕೆ ಶುರುವಾಗಿ ಕಾಲಿಗೆ ಬಲ ಇಲ್ಲ, ಕೂರುವ ಜಾಗ ಮರಗಟ್ಟಿದೆ ಅಂದ್ರೆ ಆವತ್ತೇ ಎಮರ್ಜೆನ್ಸಿಗೆ ಹೋಗಿ.

ಎಲ್ಲ ಹತೋಟಿಯಲ್ಲಿ ಇದ್ರೂ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ತೋರಿಸ್ಲೇಬೇಕು, ನಡುವಲ್ಲಿ ತಿಂಗಳಿಗೊಮ್ಮೆ ನೀವೇ ಕನ್ನಡಿ ಹಿಡಿದು ನೋಡಿ. ಹೋಗುವಾಗ ಹಳೇ ಚೀಟಿ, ಬಯಾಪ್ಸಿ ಮಾಡಿದ್ರೆ ಅದರ ರಿಪೋರ್ಟ್, ಈಗ ಹಚ್ತಾ ಇರುವ ಟ್ಯೂಬ್, ಆ 3 ದಿನದ ಪುಸ್ತಕ ಹೊಸದಾಗಿ ಬರೆದು ತಗೊಂಡು ಹೋಗಿ, ಮತ್ತೆ ಚರ್ಮ ಸರಿ ಆಗಿದೆ ಅಂತ ಡಾಕ್ಟ್ರು ಹೇಳಿದ್ರೆ ಅಲ್ಲಿಗೆ ಎದ್ದು ಬರ್ಬೇಡಿ, ಸೋರುದು ಎಷ್ಟು ಕಮ್ಮಿ ಆಗಿದೆ ಅಂತ ಅವರು ಕೇಳದಿದ್ರೂ ಹೇಳಿ.